ಹಾಡಿದವರ ಹೆಸರನ್ನೂ ಬರ್ಕೊಳ್ಳಿ

ಕೇಳ್ತಾ ಇರೋರಲ್ಲಿ ನಮ್ಮ ಮಂದಿ ಇದ್ರೆ, ಜೈ ಸೇವಾಲಾಲ್.

ನಾನು ನ್ಯಾಮತಿ ತಾಲ್ಲೂಕಿನ ಒಂದು ತಾಂಡಾದ ಹುಡುಗಿ. ಕೆಲಸ ದಾವಣಗೆರೆಯಲ್ಲಿ. ನಮ್ಮ ತಾಂಡಾದ ಹತ್ತು-ಹನ್ನೆರಡು ಜನ ಹುಡುಗ ಹುಡುಗಿಯರು ಸೇರಿ ಒಂದು ಸಣ್ಣ ಸಂಘ ಕಟ್ಕೊಂಡಿದ್ದೀವಿ. ಬೋರ್ಡಿಲ್ಲ, ಆಫೀಸಿಲ್ಲ. ಒಂದೇ ಕೆಲಸ: ನಮ್ಮ ಅಜ್ಜಿಯಂದಿರ ಹಾಡುಗಳನ್ನ ಮೊಬೈಲಲ್ಲಿ ರೆಕಾರ್ಡ್ ಮಾಡೋದು, ಅರ್ಥ ಬರೆಯೋದು, ಬೇರೆಯವರಿಗೂ ಕೇಳಿಸೋದು. ಇವತ್ತು ಅದರ ಬಗ್ಗೆ ನಾಲ್ಕು ಮಾತು ಹೇಳ್ತೀನಿ.

ನಾವು ಈ ಕಡೆಗೆ ವಲಸೆ ಬಂದವರು. ರಾಜಸ್ಥಾನದ ಕಡೆಯಿಂದ ಎತ್ತಿನ ಮೇಲೆ ಉಪ್ಪು, ದವಸ ಹೇರ್ಕೊಂಡು, ಸೈನ್ಯಗಳಿಗೆ ಧಾನ್ಯ ಸಾಗಿಸ್ತಾ ದಕ್ಷಿಣಕ್ಕೆ ಇಳಿದ ಬಂಜಾರರು. ಲವಣ ಅಂದ್ರೆ ಉಪ್ಪು. ಲಮಾಣಿ, ಲಂಬಾಣಿ ಅನ್ನೋ ಹೆಸರು ಅದರಿಂದಲೇ ಬಂತು ಅಂತ ಹೇಳ್ತಾರೆ. ರೈಲು ಬಂತು, ಎತ್ತಿನ ವ್ಯಾಪಾರ ಬಿತ್ತು. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ತಂದ್ರು; ಮುಂದೆ ಹಲವು ಕಡೆ ನಮ್ಮವರ ಮೇಲೂ ಆ ಹಣೆಪಟ್ಟಿ ಬಿತ್ತು. ತಿರುಗಾಡ್ತಾ ಇದ್ದವರು ಊರಿನ ಅಂಚಿನಲ್ಲಿ ತಾಂಡಾ ಕಟ್ಟಿ ನಿಂತ್ರು. ಒಬ್ಬ ನಾಯಕ, ಒಬ್ಬ ಡಾವ್, ಒಬ್ಬ ಕಾರಭಾರಿ. ನಮ್ಮ ಮೊದಲ ಸಂಘ ಅದೇ.

ನಮ್ಮ ತಾಲ್ಲೂಕಲ್ಲೇ ಸೂರಗೊಂಡನಕೊಪ್ಪ ಇದೆ, ಸಂತ ಸೇವಾಲಾಲರು ಹುಟ್ಟಿದ ಜಾಗ. ಅವರು 1739ರ ಫೆಬ್ರವರಿ 15ರಂದು ಹುಟ್ಟಿದ್ರು ಅಂತ ಪ್ರತಿ ವರ್ಷ ಜಯಂತಿ ಮಾಡ್ತೀವಿ. ಮಾಲೆ ಹಾಕ್ಕೊಂಡು ನಡ್ಕೊಂಡೇ ಬರೋರಿದ್ದಾರೆ. ಮಹಾರಾಷ್ಟ್ರದಿಂದ, ತೆಲಂಗಾಣದಿಂದ, ಆಂಧ್ರದಿಂದಲೂ ಬರ್ತಾರೆ. ಅಲ್ಲಿ ನಿಂತು ಸ್ವಲ್ಪ ಕಿವಿಗೊಡಿ. ಅವರಿಗೆ ಕನ್ನಡ ಬರಲ್ಲ, ನಮಗೆ ಮರಾಠಿ ಬರಲ್ಲ. ಆದ್ರೂ ಗೋರ್‌ಬೋಲಿಯಲ್ಲಿ ಮಾತು ಸರಾಗವಾಗಿ ಸಾಗುತ್ತೆ. ಅದೇ ಮಾತನ್ನ ಬರೆಯೋಕೆ ಕೂತರೆ ಕಷ್ಟ ಶುರು. ನಮ್ಮ ಭಾಷೆಗೆ ಸ್ವಂತ ಲಿಪಿ ಇಲ್ಲ. ನಾವು ಕನ್ನಡದಲ್ಲಿ ಬರೀತೀವಿ, ಅವರು ದೇವನಾಗರಿಯಲ್ಲಿ, ತೆಲಂಗಾಣದವರು ತೆಲುಗಿನಲ್ಲಿ. ಒಂದೇ ಹಾಡು, ಮೂರು ಲಿಪಿ. ಒಬ್ಬರು ಬರೆದಿದ್ದನ್ನ ಇನ್ನೊಬ್ಬರು ಓದೋಕಾಗಲ್ಲ. ಆದ್ರೆ ಕೇಳಿದ್ರೆ ಎಲ್ಲರಿಗೂ ತಿಳಿಯುತ್ತೆ. ಅದಕ್ಕೇ ನಾನು ಹೇಳೋದು: ನಮಗೆ ಆಡಿಯೋನೇ ಪುಸ್ತಕ.

2011ರ ಜನಗಣತಿಯಲ್ಲಿ ಲಂಬಾಡಿ ನಮ್ಮ ತಾಯಿಮಾತು ಅಂತ ಬರೆಸಿದವರು 32 ಲಕ್ಷಕ್ಕೂ ಹೆಚ್ಚು. ಆ ಲೆಕ್ಕವನ್ನ ಇಟ್ಟಿರೋದು ಎಲ್ಲಿ ಗೊತ್ತಾ? ಹಿಂದಿ ಅನ್ನೋ ತಲೆಬರಹದ ಕೆಳಗೆ.

ಈಗ ನಮ್ಮ ಬಟ್ಟೆಯ ಕಥೆ ನೋಡಿ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆ ಹೊತ್ತಲ್ಲಿ 450ಕ್ಕೂ ಹೆಚ್ಚು ಹೆಣ್ಮಕ್ಕಳು ಕಸೂತಿ ಹಾಕಿದ 1,755 ವಸ್ತುಗಳನ್ನ ಒಟ್ಟಿಗೆ ಇಟ್ಟು ಗಿನ್ನಿಸ್ ದಾಖಲೆ ಆಯ್ತು. ಹೆಮ್ಮೆ ಇದೆ. ಆದ್ರೆ ಕನ್ನಡಿ ಹಚ್ಚಿದ ಲಂಗ ನೋಡಿ ಫೋಟೋ ತೆಗೆಸ್ಕೊಳ್ಳೋ ಪಕ್ಕದೂರಿನ ಗೆಳತಿಗೆ, ಆ ಬಟ್ಟೆ ತೊಟ್ಟವರು ಏನು ಹಾಡ್ತಾರೆ ಅನ್ನೋದು ಗೊತ್ತಿಲ್ಲ. ಮೆರವಣಿಗೆಯಲ್ಲಿ ಮೂರು ನಿಮಿಷ ಕುಣಿದ್ರೆ ಅದು ತಿಳಿಯೋದೂ ಇಲ್ಲ.

ಯಾಕಂದ್ರೆ ನಮ್ಮ ಪ್ರತಿ ಹಾಡಿಗೂ ಒಂದು ಕೆಲಸ ಇದೆ. ತೀಜ್ ಹಬ್ಬದಲ್ಲಿ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಮೊಳಕೆ ಹಾಕಿ, ಒಂಬತ್ತು ದಿನ ನೀರೆರೆದು ಹಾಡ್ತಾರೆ. ದೀಪಾವಳಿಗೆ ದೀಪ ಹಿಡ್ಕೊಂಡು ಮನೆಮನೆಗೆ ಹೋಗಿ ಹಿರಿಯರಿಗೆ ಒಳ್ಳೇದಾಗಲಿ ಅಂತ ಹಾಡೋದು ಮೇರಾ. ಹೋಳಿಗೆ ಲೇಂಗಿ. ಮದುವೆಯಲ್ಲಿ ಢಾವಲೋ: ತವರು ಬಿಡೋ ಹುಡುಗಿ ಅಪ್ಪ, ಅವ್ವ, ಅಣ್ಣ, ಗೆಳತಿ, ಒಬ್ಬೊಬ್ಬರನ್ನೂ ತಬ್ಬಿಕೊಂಡು ಅಳ್ತಾ ಹಾಡೋ ಹಾಡು. ಹಿಂದೆ ಮದುವೆಗೆ ಮುಂಚೆ ದೊಡ್ಡ ಹೆಂಗಸರ ಹತ್ರ ಕೂತು ಇದನ್ನ ಕಲೀತಿದ್ರು.

ನನ್ನ ಅಕ್ಕನ ಮದುವೆಯಲ್ಲಿ ಡಿಜೆ ಇತ್ತು. ಢಾವಲೋ ಹೊತ್ತಿಗೆ ಅಕ್ಕ ಅವ್ವನ್ನ ತಬ್ಬಿಕೊಂಡು ಬರೀ ಅತ್ತಳು. ಅವಳಿಗೆ ಒಂದು ಸಾಲೂ ಬರ್ತಿರಲಿಲ್ಲ. ಆಗ ನಮ್ಮ ಅಜ್ಜಿ ಅವಳ ಪರವಾಗಿ ಶುರು ಮಾಡಿದ್ರು. ಡಿಜೆ ಹುಡುಗ ತಾನಾಗೇ ಸೌಂಡ್ ಬಂದ್ ಮಾಡಿದ. ಆಮೇಲೇ ಸಂಘ ಹುಟ್ಟಿದ್ದು.

ಮರುವಾರ ಅಜ್ಜಿ ಮುಂದೆ ಮೊಬೈಲ್ ಇಟ್ಟೆ. ಅಜ್ಜಿ ಹಾಡಲಿಲ್ಲ. "ಮನೇಲಿ ಮದುವೆ ಇಲ್ಲ, ಹುಡುಗಿ ಹೊರಟಿಲ್ಲ, ಢಾವಲೋ ಹ್ಯಾಂಗ್ ಬರ್ತೈತಿ?" ಅಂದ್ರು. ಆ ಮಾತನ್ನೇ ನಾವು ನಿಯಮ ಮಾಡ್ಕೊಂಡಿದ್ದೀವಿ. ಮದುವೆ ಹಾಡು ಮದುವೆಯಲ್ಲೇ, ಹುಡುಗಿ ಒಪ್ಪಿದ್ರೆ ಮಾತ್ರ. ಲೇಂಗಿ ಹೋಳಿಯಲ್ಲೇ. ಹಾಡಿದವರ ಹೆಸರು, ತಾಂಡಾ, ಸಂದರ್ಭ, ಕನ್ನಡದಲ್ಲಿ ಅರ್ಥ, ಎಲ್ಲಾ ಫೈಲ್ ಜೊತೆ ಇರಬೇಕು. ಹೆಸರಿಲ್ಲದ ಕ್ಲಿಪ್ ನಾಳೆ ಯಾರದೋ ರೀಲ್ಸ್‌ಗೆ ಹಿನ್ನೆಲೆ ಸಂಗೀತ ಆಗಿಬಿಡುತ್ತೆ.

ಕನ್ನಡ ಅರ್ಥ ಯಾಕೆ ಅಂತ ನಮ್ಮವರೇ ಕೇಳ್ತಾರೆ. ನಾವು ಗೋರ್, ಹೊರಗಿನವರು ಕೋರ್ ಅಂತ ಕರೆಯೋ ರೂಢಿ ನಮ್ಮದು. ಆದ್ರೆ ತಲೆಮಾರುಗಳಿಂದ ಒಂದೇ ಕೆರೆ ನೀರು, ಒಂದೇ ಸಂತೆ, ಒಂದೇ ಸ್ಕೂಲು. ಕಳೆದ ದೀಪಾವಳಿಗೆ ಪಕ್ಕದೂರಿನ ಗೆಳತಿಯರನ್ನ ತಾಂಡಾಗೆ ಕರೆದ್ವಿ. ಮೇರಾದ ಅರ್ಥವನ್ನ ಮೊದಲೇ ವಾಟ್ಸ್ಆ್ಯಪ್ ಮಾಡಿದ್ವಿ. ಅವತ್ತು ಯಾರೂ ಲಂಗ ಕೇಳಲಿಲ್ಲ. "ಈ ಸಾಲಲ್ಲಿ ಯಾರಿಗೆ ಹರಸ್ತಾರೆ?" ಅಂತ ಕೇಳಿದ್ರು. ಹಂಚ್ಕೊಳ್ಳೋದು ಅಂದ್ರೆ ನನಗೆ ಇದೇ.

ನಿಮ್ಮ ಮನೇಲಿ ಲಂಬಾಣಿ ಇರಬಹುದು, ತುಳು, ಉರ್ದು, ಕೊಂಕಣಿ, ತಮಿಳು ಇರಬಹುದು. ಹಾಡೋರು ಇನ್ನೂ ಇದ್ದಾರೆ, ರೆಕಾರ್ಡರ್ ನಿಮ್ಮ ಕೈಯಲ್ಲೇ ಇದೆ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಮೊದಲು ಒಪ್ಪಿಗೆ ಕೇಳಿ, ಆಮೇಲೆ ಬಟನ್ ಒತ್ತಿ. ಹಾಡಿದವರ ಹೆಸರನ್ನ ಮಾತ್ರ ಮರೀದೆ ಬರ್ಕೊಳ್ಳಿ.