ಬಾಗಿಲು ಹಾಕಿದ ಮನೆಯ ಸಾಮಾನು



ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಈಚೆಗೆ ಬಾಗಿಲು ಹಾಕಿದ ಮನೆಗಳು ಹೆಚ್ಚುತ್ತಿವೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ವಯಸ್ಸಾದ ತಂದೆತಾಯಿಗಳೂ ಮಳೆಗಾಲ ಕಳೆಯಲೆಂದು ಅವರಲ್ಲಿಗೆ ಹೊರಡುತ್ತಾರೆ. ಹಂಡೆ, ಕೊಪ್ಪರಿಗೆ, ಕಂಚಿನ ದೀಪ, ಅಜ್ಜಿಯ ಸರ, ಜಮೀನಿನ ಕಾಗದಪತ್ರ, ಇವನ್ನೆಲ್ಲ ಎಲ್ಲಿಟ್ಟು ಹೋಗುವುದು?

ಸಂಸ್ಕೃತದಲ್ಲಿ ಭಾಂಡವೆಂದರೆ ಪಾತ್ರೆ, ಸರಕು. ಭಾಂಡಾಗಾರವೇ ನಮ್ಮ ಬಾಯಲ್ಲಿ ಭಂಡಾರವಾಯಿತು. ಭಂಡಾರವೆಂದೊಡನೆ ನಾವು ಬೀಗವನ್ನು ನೆನೆಯುತ್ತೇವೆ, ಕಳ್ಳನನ್ನು ನೆನೆಯುತ್ತೇವೆ. ಆದರೆ ಮಲೆನಾಡಿನಲ್ಲಿ ಕಳ್ಳನಿಗಿಂತ ಮೊದಲು ಒಳಹೊಗುವವರು ಇಬ್ಬರಿದ್ದಾರೆ: ಶೀತ ಮತ್ತು ಗೆದ್ದಲು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥಲ್ಲಿ ಬೀಗ ಏನು ಮಾಡೀತು?

ನಮ್ಮ ಅಜ್ಜನ ಮನೆ ಶರಾವತಿಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿದವು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ನೀರಿನೊಳಗೆ ಹೋದ ಮೇಲೆ ಮನೆಗಳ ಮಾತೇನು! ಅಜ್ಜ ಸಾಮಾನನ್ನು ಗಾಡಿಗೆ ಹೇರಿ ನೆಂಟರೊಬ್ಬರ ಮನೆಯ ಅಟ್ಟದಲ್ಲಿರಿಸಿದರು. ಮರುವರ್ಷ ಆ ನೆಂಟರೂ ಮನೆಗೆ ಬೀಗ ಹಾಕಿ ಪೇಟೆ ಸೇರಿದರು. ಎರಡು ಮಳೆಗಾಲ ಕಳೆದು ಹೋಗಿ ನೋಡಿದರೆ ತಾಮ್ರದ ಪಾತ್ರೆಗಳು ಹಸಿರುಗಟ್ಟಿದ್ದವು. ಹುಣಿಸೆಹಣ್ಣು ಹಾಕಿ ತಿಕ್ಕಿದಾಗ ಮೊದಲಿನಂತಾದವು. ಹಲಸಿನ ಪೆಟ್ಟಿಗೆಯ ಬೀಗವೂ ಭದ್ರವಾಗಿತ್ತು. ಒಳಗಿನ ಕಾಗದಗಳು ಮಾತ್ರ ಮಣ್ಣಾಗಿದ್ದವು. ಅವುಗಳಿಗಾಗಿ ಅಜ್ಜ ಕಚೇರಿಯಿಂದ ಕಚೇರಿಗೆ ಅಲೆದದ್ದನ್ನು ತಂದೆಯವರು ಹೇಳುತ್ತಿದ್ದರು. ಶರಾವತಿ ಸಂತ್ರಸ್ತರ ಭೂಮಿಯ ಹಕ್ಕಿನ ಮಾತು ಇಂದಿಗೂ ಮುಗಿದಿಲ್ಲ. ಹಳೆಯ ಕಾಗದದ ಬೆಲೆಯನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಟ್ಟದ ದೋಷವೇನೂ ಇರಲಿಲ್ಲ. ಅಟ್ಟವನ್ನು ಕಾಯುತ್ತಿದ್ದುದು ಕೆಳಗಿನ ಒಲೆ. ನಿತ್ಯವೂ ಏರುವ ಬಿಸಿಯೂ ಹೊಗೆಯೂ ಶೀತವನ್ನು ದೂರವಿರಿಸುತ್ತಿದ್ದವು. ಒಲೆ ಆರಿದ ಮೇಲೆ ಅಟ್ಟವೆಂಬುದು ಬರಿಯ ಹಲಗೆ.

ಆದ್ದರಿಂದ ಪಾತ್ರೆಪಡಗಗಳಿಗೆ ಜನ ವಾಸವಾಗಿರುವ ಮನೆಯೇ ಮೇಲು. ಬಾಡಿಗೆಯ ಮಳಿಗೆಯನ್ನೋ ಗೋದಾಮನ್ನೋ ಹಿಡಿಯುವುದಾದರೆ ಚೈತ್ರದಲ್ಲಿ ನೋಡಿ ಮುಂಗಡ ಕೊಡಬೇಡಿ. ಆಷಾಢದಲ್ಲಿ ಹೋಗಿ ಗೋಡೆಗೆ ಅಂಗೈಯೂರಿ ನೋಡಿ. ನೆಲದ ಮೇಲೆ ಹಲಗೆಯೆತ್ತರಿಸಿ ಸಾಮಾನಿಡುತ್ತಾರೆಯೆ, ಗೋಡೆಗೂ ಸಾಮಾನಿಗೂ ನಡುವೆ ಗಾಳಿಯಾಡುತ್ತದೆಯೆ, ಒಂದೊಂದು ವಸ್ತುವನ್ನೂ ಬರೆದು ರಸೀತಿ ಕೊಡುತ್ತಾರೆಯೆ, ಬೇಕೆಂದಾಗ ಬಾಗಿಲು ತೆರೆಯುತ್ತಾರೆಯೆ ಎಂದು ಕೇಳಿ. ಸಂಕೋಚಪಡಬೇಡಿ, ಸಾಮಾನು ನಿಮ್ಮದು.

ಚಿನ್ನಕ್ಕೆ ಬ್ಯಾಂಕಿನ ಲಾಕರು ಸರಿಯೆ. ಆದರೆ ಅದರ ಕರಾರನ್ನು ಓದದೆ ಸಹಿ ಮಾಡುವವರೇ ಹೆಚ್ಚು. ರಿಸರ್ವ್ ಬ್ಯಾಂಕು 2021ರಲ್ಲಿ ಹೊರಡಿಸಿ 2022ರ ಜನವರಿಯಿಂದ ಜಾರಿಗೆ ತಂದ ನಿಯಮಗಳಂತೆ, ಬೆಂಕಿ, ಕಳವು, ಕಟ್ಟಡದ ಕುಸಿತ, ನೌಕರರ ವಂಚನೆ ಇವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 2,000 ರೂಪಾಯಿಯಾದರೆ 2 ಲಕ್ಷ. ಒಳಗಿನ ಒಡವೆ 10 ಲಕ್ಷದ್ದಾದರೂ ಅಷ್ಟೆ. ಬ್ಯಾಂಕಿನ ಉಪೇಕ್ಷೆಯಿಲ್ಲದೆ ಪ್ರವಾಹ, ಸಿಡಿಲುಗಳಿಂದಾದ ನಷ್ಟಕ್ಕೆ ಹೊಣೆಯಿಲ್ಲ. ಒಳಗೇನಿದೆಯೆಂದು ಬ್ಯಾಂಕಿಗೆ ತಿಳಿಯದು. ಪಟ್ಟಿಯನ್ನು ನೀವೇ ಬರೆದಿಡಬೇಕು. ಮೂರು ವರ್ಷ ಒಂದೇ ಸಮನೆ ಬಾಡಿಗೆ ಸಲ್ಲದಿದ್ದರೆ ಲಾಕರನ್ನು ಒಡೆಯುವ ಅಧಿಕಾರವೂ ಬ್ಯಾಂಕಿಗುಂಟು. ನಾಮನಿರ್ದೇಶನ ಮಾಡುವುದನ್ನಂತೂ ಮರೆಯಬೇಡಿ.

ಕಾಗದಪತ್ರಗಳನ್ನೂ ಲಾಕರಿನಲ್ಲಿಡಬಹುದು, ಚೆನ್ನಾಗಿ ಒಣಗಿಸಿ. ನೋಂದಾಯಿತ ಪತ್ರಗಳ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆದು ಬೇರೆಡೆ ಇರಿಸಿ. ತಾಳೆಯೋಲೆಯ ಕಟ್ಟುಗಳಿದ್ದರೆ ಕೆಳದಿಯ ವಸ್ತುಸಂಗ್ರಹಾಲಯದಂತಹ ಕಡೆ ತಿಳಿದವರಿಗೆ ತೋರಿಸಿ; ಅಟ್ಟದಲ್ಲಿ ಮರೆತುಹೋಗಬೇಡಿ.

ಇನ್ನು ಮನೆಯಲ್ಲೇ ಉಳಿಯುವ ಸಾಮಾನು. ಕೀಲಿಯೊಂದನ್ನು ನೆರೆಮನೆಯವರಿಗೆ ಕೊಟ್ಟು, ಬಿಸಿಲು ಬಿದ್ದ ದಿನ ಕಿಟಕಿ ತೆರೆದು ಒಲೆ ಹಚ್ಚಿರೆಂದು ಹೇಳಿಹೋಗಿ. ಬರಿಯ ಬಾಯಲ್ಲಿ ಹೇಳಬೇಡಿ, ಒಣ ಸೌದೆಯನ್ನೂ ಒಟ್ಟಿಟ್ಟು ಹೋಗಿ.