ಮೋಟಾರ್ ಸೈಕಲ್ ಎಂಜಿನ್ನಿಗೆ ಬಣ್ಣದ ಕವಚ



ನಿಮ್ಮ ಮನೆಯಲ್ಲಿ ತಂದೆಯವರದೋ ಅಣ್ಣನದೋ ಹಳೆಯ ಮೋಟಾರ್ ಸೈಕಲ್ ಒಂದು ಇರಬಹುದು. ಅದರ ಮುಂದೆ ಕುಳಿತು ಎಂಜಿನ್ನನ್ನು ಒಮ್ಮೆ ಸೂಕ್ಷ್ಮವಾಗಿ ನೋಡಿ. ಮುಂದಿನ ಚಕ್ರಕ್ಕೆ ಎದುರಾಗಿರುವ ಭಾಗದಲ್ಲಿ ಬಣ್ಣ ಚಕ್ಕೆ ಎದ್ದಿರುತ್ತದೆ. ಕೆಲವೆಡೆ ಕೆಂಪು ತುಕ್ಕು, ಕೆಲವೆಡೆ ಸುಣ್ಣದಂತಹ ಬಿಳಿ ಪುಡಿ ಕಾಣುತ್ತದೆ. ಈ ಗುರುತುಗಳಲ್ಲಿ ನಿಮ್ಮ ರಸಾಯನಶಾಸ್ತ್ರದ ಪಾಠವೊಂದು ಅಡಗಿದೆ.

ಬಣ್ಣ ಚಕ್ಕೆ ಏಳುವುದೇಕೆ? ಚಕ್ರ ಎರಚುವ ಜಲ್ಲಿಚೂರು ಎಂಜಿನ್ನಿಗೆ ಬಡಿಯುತ್ತದೆ. ಬಣ್ಣದ ಪದರವೋ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ತೆಳು. ಚೂಪಾದ ಅಂಚುಗಳಲ್ಲಿ ಇನ್ನೂ ತೆಳು. ಜೊತೆಗೆ ಎಂಜಿನ್ ಪ್ರತಿದಿನ ಕಾದು ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ. ಜಿಡ್ಡಿನ ಮೇಲೆ ಹಚ್ಚಿದ ಬಣ್ಣ ಇದನ್ನು ತಾಳಲಾರದು.

ಬಣ್ಣ ಹೋದ ಜಾಗದಲ್ಲಿ ಲೋಹ ಬಯಲಾಗುತ್ತದೆ. ಹಳೆಯ ಬುಲೆಟ್ ಎಂಜಿನ್ನಿನ ಸಿಲಿಂಡರು ಎರಕದ ಕಬ್ಬಿಣದ್ದು. ನೀರು ಮತ್ತು ಆಮ್ಲಜನಕ ಸೇರಿದರೆ ಕಬ್ಬಿಣ ತುಕ್ಕಾಗುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ಅದು ಪಕ್ಕದ ಒಳ್ಳೆಯ ಬಣ್ಣವನ್ನೂ ಅಡಿಯಿಂದ ಎತ್ತುತ್ತದೆ. ಕಾಳಿನಷ್ಟಿದ್ದ ಚಕ್ಕೆ ಹೀಗೆ ಅಂಗೈಯಗಲವಾಗುತ್ತದೆ.

ಎಂಜಿನ್ನಿನ ಕೆಳಭಾಗದ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್, ಅಲ್ಯುಮಿನಿಯಂ ಮಿಶ್ರಲೋಹದ್ದು. ಅಲ್ಯುಮಿನಿಯಂ ತನ್ನ ಮೇಲೆ ತಾನೇ ಆಕ್ಸೈಡಿನ ತೆಳುಪೊರೆಯನ್ನು ಹೊದ್ದುಕೊಳ್ಳುತ್ತದೆ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್ ಅಯಾನುಗಳು ಆ ಪೊರೆಯನ್ನು ಭೇದಿಸಿ ಲೋಹದಲ್ಲಿ ಸಣ್ಣ ಗುಳಿಗಳನ್ನು ಕೊರೆಯುತ್ತವೆ. ಬಿಳಿ ಪುಡಿ ಅದರ ಗುರುತು. ಕಾರವಾರ, ಮಲ್ಪೆ, ಮಂಗಳೂರುಗಳ ಉಪ್ಪುಗಾಳಿಯಲ್ಲಿ ಓಡಾಡುವ ವಾಹನಗಳಿಗೆ ಈ ಕಾಟ ಹೆಚ್ಚು.

ಹಾಗಾದರೆ ನಾವೇನು ಮಾಡಬೇಕು? ಎಂಜಿನ್ ಪೂರ್ತಿ ತಣಿದ ಮೇಲೆ ಸಿಹಿನೀರು ಮತ್ತು ಮೃದುವಾದ ಸಾಬೂನಿನಿಂದ ತೊಳೆದು ಒರೆಸಿ. ಕಾಸ್ಟಿಕ್ ಸೋಡದಂತಹ ತೀಕ್ಷ್ಣ ಕ್ಷಾರಗಳನ್ನು ಮುಟ್ಟಿಸಬೇಡಿ. ಅಲ್ಯುಮಿನಿಯಂ ಕ್ಷಾರದೊಡನೆ ವರ್ತಿಸಿ ಕರಗುತ್ತದೆ. ವಾಟರ್ ಸರ್ವೀಸ್ ಅಂಗಡಿಯಲ್ಲಿ ಡೀಸೆಲ್ ಸಿಂಪಡಿಸಿದರೆ ಎರಡು ದಿನ ಹೊಳಪು ಬರುತ್ತದೆ. ಆಮೇಲೆ ಅದಕ್ಕೇ ಧೂಳು ಅಂಟುತ್ತದೆ, ರಬ್ಬರ್ ಭಾಗಗಳೂ ಕೆಡುತ್ತವೆ. ಮುಂದಿನ ಮಡ್‌ಗಾರ್ಡಿನ ತುದಿಗೆ ರಬ್ಬರ್ ತುಂಡೊಂದನ್ನು ಇಳಿಬಿಟ್ಟರೆ ಬಹಳಷ್ಟು ಕಲ್ಲುಗಳು ಅಲ್ಲಿಯೇ ತಡೆಯುತ್ತವೆ.

ಚಕ್ಕೆ ಕಂಡೊಡನೆ ಸಡಿಲ ಬಣ್ಣವನ್ನು ಕೆರೆದು, ಎಮರಿ ಕಾಗದದಿಂದ ಉಜ್ಜಿ, ಜಿಡ್ಡನ್ನು ಪೂರ್ತಿ ತೆಗೆಯಿರಿ. ಈ ಕೆಲಸಕ್ಕೆ ಪೆಟ್ರೋಲ್ ಬೇಡ; ಕಿಡಿ ತಗುಲಿದರೆ ಅನಾಹುತ. ಥಿನ್ನರ್ ಬಳಸುವುದಾದರೂ ಬೆಂಕಿಯಿಂದ ದೂರ, ಗಾಳಿಯಾಡುವ ಬಯಲಿನಲ್ಲಿ, ಹಿರಿಯರ ಎದುರಿನಲ್ಲಿ ಬಳಸಿ. ಬಳಿಕ ಶಾಖ ತಾಳುವ ಪ್ರೈಮರನ್ನೂ ಎಂಜಿನ್ನಿಗೆಂದೇ ಮಾಡಿದ ಬಣ್ಣವನ್ನೂ ತೆಳುವಾಗಿ ಎರಡು ಮೂರು ಬಾರಿ ಹಚ್ಚಿ. ಡಬ್ಬಿಯ ಮೇಲಿನ ಸೂಚನೆಯಂತೆ ಅದನ್ನು ಒಣಗಿಸಿ, ಕಾಯಿಸಿ ಗಟ್ಟಿಗೊಳಿಸಬೇಕು. ಬಾಗಿಲು ಕಿಟಕಿಗಳಿಗೆ ಬಳಿಯುವ ಎನಾಮೆಲ್ ಇಲ್ಲಿ ಸುಟ್ಟುಹೋಗುತ್ತದೆ.

ಒಂದು ಎಚ್ಚರಿಕೆ. ಸಿಲಿಂಡರಿನ ಸುತ್ತ ಇರುವ ರೆಕ್ಕೆಗಳು ಎಂಜಿನ್ನಿನ ಶಾಖವನ್ನು ಗಾಳಿಗೆ ದಾಟಿಸುತ್ತವೆ. ಅಲ್ಲಿ ಬಣ್ಣವನ್ನು ದಪ್ಪವಾಗಿ ಮೆತ್ತಿದರೆ ಎಂಜಿನ್ನಿಗೆ ಕಂಬಳಿ ಹೊದಿಸಿದಂತೆಯೇ ಸರಿ. ರಕ್ಷಣೆಯ ಉತ್ಸಾಹದಲ್ಲಿ ಎಂಜಿನ್ನನ್ನೇ ಬೇಯಿಸಬಾರದು.

ಮೈಸೂರಿನಲ್ಲಿ 1961ರಿಂದ ಜಾವಾ, ಅನಂತರ ಯೆಜ್ಡಿ ಮೋಟಾರ್ ಸೈಕಲ್ಲುಗಳು ತಯಾರಾದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಹೊರಬಂದ ಹಲವು ಬಂಡಿಗಳು ಇಂದಿಗೂ ರಸ್ತೆಯಲ್ಲಿವೆ. ಅವುಗಳ ಎರಕದ ಭಾಗ ಒಮ್ಮೆ ಗುಳಿಬಿದ್ದು ಸವೆದರೆ ಮೂಲದಂಥದೇ ಹೊಸದು ಸಿಗುವುದು ಸುಲಭವಲ್ಲ. ಅವು ಉಳಿದಿರುವುದರಲ್ಲಿ ಒಡೆಯರ ಇಂಥ ಸಣ್ಣಪುಟ್ಟ ಆರೈಕೆಯ ಪಾಲು ದೊಡ್ಡದು.

ಕೊನೆಗೆ ನಿಮಗೊಂದು ಪ್ರಯೋಗ. ಮೂರು ಕಬ್ಬಿಣದ ಮೊಳೆಗಳನ್ನು ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಬಿಡಿ, ಎರಡಕ್ಕೆ ಬಣ್ಣ ಹಚ್ಚಿ. ಬಣ್ಣ ಒಣಗಿದ ಮೇಲೆ ಅವುಗಳಲ್ಲಿ ಒಂದರ ಮೇಲೆ ಗೀರು ಎಳೆಯಿರಿ. ಮೂರನ್ನೂ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯ ಮೇಲಿಟ್ಟು ದಿನವೂ ನೋಡಿ, ಬರೆದಿಡಿ. ವಾರ ಕಳೆದ ಮೇಲೆ ಗೀರಿನ ಪಕ್ಕದ ಬಣ್ಣವನ್ನು ಉಗುರಿನಿಂದ ಎಬ್ಬಿಸಿ ನೋಡಿದರೆ, ತುಕ್ಕು ಎಲ್ಲಿಂದ ಒಳಹೊಕ್ಕು ಎತ್ತ ಹರಿಯಿತೆಂಬುದು ನಿಮಗೇ ತಿಳಿಯುತ್ತದೆ. ಆಮೇಲೆ ಮನೆಯ ಮೋಟಾರ್ ಸೈಕಲ್ಲಿನ ಬಳಿ ಹೋಗಿ, ಅಂಥದೇ ಗೀರುಗಳನ್ನು ಎಣಿಸಿ.