ಹದಿನಾರು ಪಾಲು

(ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಧರ್ಮಾರ್ಥ ಸಂಸ್ಥೆಯ ವೇದಿಕೆಯ ಮೇಲೆ ತಿಂಡಿಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಹಂಚಿ ಉಣ್ಣುವುದನ್ನು ಕಲಿಯಲು ಅಡಿಗೆಮನೆಗಿಂತ ಒಳ್ಳೆಯ ಶಾಲೆ ಇಲ್ಲವೆಂದು ನಾವು ತಿಳಿದಿದ್ದೇವೆ. ಆದುದರಿಂದ ಈ ಹೊತ್ತು ಚಾಕೊಲೇಟು, ಓಟ್ಸ್ ಕೂಡಿಸಿ ಬೇಯಿಸುವ ವಡಿಯ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

ಓಟ್ಸ್ ಸ್ಕಾಟ್ಲಂಡಿನಂಥ ತಂಪು ನಾಡಿನ ಧಾನ್ಯ. ನಮಗೆ ಜೋಳ, ಸಜ್ಜೆ ಹೇಗೋ ಅಲ್ಲಿಯ ದುಡಿಯುವ ಜನಕ್ಕೆ ಅದು ಬಹುಕಾಲ ಹಾಗೆಯೇ ಆಸರೆಯಾಗಿತ್ತು. ಉಳಿದ ಪದಾರ್ಥಗಳು ನಮ್ಮವೇ: ಶೇಂಗಾ, ತುಪ್ಪ, ಬೆಲ್ಲ, ನಮ್ಮ ಜಿಲ್ಲೆಯ ಒಣದ್ರಾಕ್ಷಿ. ಕೋಕೋ ಕೂಡ ಪರದೇಶದಿಂದಲೇ ಬರಬೇಕೆಂದಿಲ್ಲ. ದಕ್ಷಿಣ ಕನ್ನಡ, ಕಾಸರಗೋಡುಗಳ ಅಡಿಕೆ ತೋಟಗಳ ನೆರಳಿನಲ್ಲಿ ಬೆಳೆಯುತ್ತದೆ. 1980ರ ಸುಮಾರಿಗೆ ಅದನ್ನು ಕೊಳ್ಳುವವರಿಲ್ಲದೆ ಬೆಳೆಗಾರರು ಕಂಗೆಟ್ಟಾಗ, 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಕೈಹಿಡಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರಖಾನೆಯನ್ನೇ ತೆರೆಯಿತು. ಒಬ್ಬರು ಹೊರಲಾರದ ಭಾರವನ್ನು ಹಲವರು ಕೂಡಿ ಹೊತ್ತ ಕಥೆಯಿದು.

ಇನ್ನು ಮಾಡುವ ಬಗೆ. 200 ಗ್ರಾಂ ಓಟ್ಸನ್ನು ಘಮಘಮಿಸುವಂತೆ ಹುರಿಯಬೇಕು. ಅರ್ಧದಷ್ಟು ಹುರಿದ ಸಜ್ಜೆಹಿಟ್ಟನ್ನೂ ಬಳಸಬಹುದು. ಅದಕ್ಕೆ 75 ಗ್ರಾಂ ಹುರಿದು ಕುಟ್ಟಿದ ಶೇಂಗಾ, 50 ಗ್ರಾಂ ಒಣದ್ರಾಕ್ಷಿ, 20 ಗ್ರಾಂ ಕೋಕೋ ಪುಡಿ, ಚಿಟಿಕೆ ಉಪ್ಪು ಸೇರಿಸಬೇಕು. 175 ಗ್ರಾಂ ಬೆಲ್ಲವನ್ನು 125 ಗ್ರಾಂ ತುಪ್ಪ, ಎರಡು ಚಮಚ ನೀರಿನೊಡನೆ ಸಣ್ಣ ಉರಿಯಲ್ಲಿ ಕರಗಿಸಿ, ಎಲ್ಲವನ್ನೂ ಕಲೆಸಿ, 20 ಸೆಂಟಿಮೀಟರಿನ ಚೌಕಾಕಾರದ ತಟ್ಟೆಯಲ್ಲಿ ಒತ್ತಿ ಕೂಡಿಸಬೇಕು. ಒಲೆಪೆಟ್ಟಿಗೆಯಲ್ಲಿ 180 ಅಂಶ ಉಷ್ಣತೆಯಲ್ಲಿ 25 ನಿಮಿಷ ಬೇಯಿಸಿದರೆ ಸಾಕು. ಅದಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರವಿ, ಮೇಲೆ ಅಡ್ಡಣಿಗೆಯಿಟ್ಟು, ಅದರ ಮೇಲೆ ತಟ್ಟೆಯನ್ನಿರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಬೇಯಿಸಬಹುದು. ಬಿಸಿಯಿರುವಾಗಲೇ ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಭಾಗವಾಗುವಂತೆ ಗೆರೆ ಕೊಯ್ಯಬೇಕು. ತಣ್ಣಗಾದ ಮೇಲೆಯೇ ಬಿಡಿಸಬೇಕು. ಹದಿನಾರು ಸಮಪಾಲು ದೊರೆಯುತ್ತವೆ. ಶೇಂಗಾ ಕೆಲವು ಮಕ್ಕಳ ದೇಹಕ್ಕೆ ಒಗ್ಗುವುದಿಲ್ಲ. ಕೊಡುವ ಮೊದಲು ಕೇಳುವುದು ಕರ್ತವ್ಯ.

ವಿದ್ಯಾರ್ಥಿಗಳೇ, ಈ ಹದಿನಾರು ಪಾಲು ಯಾರಿಗೆ ಸಲ್ಲಬೇಕು? ಬೆಲ್ಲವು ಕಬ್ಬಿನಿಂದ ಬಂತು. ಕಬ್ಬನ್ನು ಕಡಿದವರು ಯಾರು? ಪ್ರತಿ ವರ್ಷ ದೀಪಾವಳಿಯ ಆಚೀಚೆ ನಮ್ಮ ತಾಲೂಕಿನ ಅನೇಕ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಕಬ್ಬಿನ ಸೀಮೆಗೆ ಹೋಗುತ್ತವೆ. ಹಂಗಾಮು ಮುಗಿದು ಅವರು ಮರಳುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ. ಕೆಲವರ ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ. ಕೆಲವರ ಮಕ್ಕಳು ಶಾಲೆ ಬಿಟ್ಟು ಜೊತೆಗೇ ಹೋಗುತ್ತಾರೆ. ನಿಮ್ಮ ಪಕ್ಕದ ಜಾಗ ಬರಿದಾಗಿದ್ದರೆ, ನಿಮ್ಮ ಕೈಯ ಸಿಹಿಯಲ್ಲಿ ಆ ಗೆಳೆಯನ ಮನೆಯವರ ಬೆವರು ಇದೆಯೆಂದು ನೆನೆಯಿರಿ. ಅವನಿಗೆ ಕೊಡುವುದು ದಾನವಲ್ಲ, ಅವನಿಗೆ ಸಲ್ಲತಕ್ಕ ಪಾಲು.

1972ರ ಬರಗಾಲವನ್ನು ಕಂಡ ಹಿರಿಯರು ನಿಮ್ಮ ಮನೆಗಳಲ್ಲಿರಬಹುದು. ಆಗ ಮಹಾರಾಷ್ಟ್ರದ ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದವರಿಗೆ ಸುಕಡಿ ಎಂಬ ಪೌಷ್ಟಿಕ ಆಹಾರವನ್ನು ಹಂಚುತ್ತಿದ್ದರು. ಅದರ ರುಚಿ ಹೇಗಿತ್ತೆಂದು ಅವರನ್ನು ಕೇಳಿರಿ; ಸಾಲಿನಲ್ಲಿ ನಿಂತು ಕೈಯೊಡ್ಡುವುದು ಹೇಗಿತ್ತೆಂದೂ ಕೇಳಿರಿ. ಹಸಿವು ಅಡಗಿದರೂ ಒಡ್ಡಿದ ಕೈ ಅದನ್ನು ಬೇಗ ಮರೆಯುವುದಿಲ್ಲ. ಆದುದರಿಂದಲೇ ಕೊಡುವ ರೀತಿಯೂ ಕೊಡುವ ವಸ್ತುವಿನಷ್ಟೇ ಮುಖ್ಯ. ಹನ್ನೆರಡನೆಯ ಶತಮಾನದ ಶರಣರು ಅನ್ನವಿಕ್ಕುವುದನ್ನು ದಾಸೋಹವೆಂದು ಕರೆದರು. ಅಲ್ಲಿ ಕೊಡುವವನೇ ಬಾಗಿದವನು. ಉಮರಾಣಿಯ ಲಿಂಗಮ್ಮ ದಾನಮ್ಮಳಾದಳೆಂದು ಪ್ರತೀತಿ. ಆ ತಾಯಿಯ ಗುಡ್ಡಾಪುರ ನಮ್ಮ ತಾಲೂಕಿನಲ್ಲಿಯೇ ಇರುವಾಗ ಈ ಪಾಠಕ್ಕಾಗಿ ದೂರ ಹೋಗಬೇಕಾಗಿಲ್ಲ.

ಆದುದರಿಂದ ವಡಿಯನ್ನು ಹಂಚುವಾಗ ಮೂರು ನಿಯಮಗಳನ್ನು ಪಾಲಿಸಿರಿ. ಕೊಯ್ದವರು ಕೊನೆಯ ಪಾಲನ್ನು ತೆಗೆದುಕೊಳ್ಳಲಿ. ಆಗ ಕೈ ತಾನಾಗಿಯೇ ಸಮವಾಗಿ ಕೊಯ್ಯುತ್ತದೆ. ಬಾರದವರ ಪಾಲನ್ನು ಮೊದಲೇ ಎತ್ತಿಡಿರಿ. ಬಿಗಿಮುಚ್ಚಳದ ಡಬ್ಬಿಯಲ್ಲಿ ಅದು ಕೆಲವು ದಿನ ಕೆಡದು, ಮನೆಗೆ ಒಯ್ದು ಮುಟ್ಟಿಸಬಹುದು. ಯಾರ ಮನೆಯ ತುಪ್ಪ, ಯಾರ ಮನೆಯ ಶೇಂಗಾ ಎಂದು ಹೆಸರು ಹೇಳಬೇಡಿರಿ. ತಟ್ಟೆಯಲ್ಲಿ ಕೂಡಿದ ಮೇಲೆ ಅದು ಎಲ್ಲರದು.

ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ: ಮಕ್ಕಳು ಅಡಿಗೆಮನೆ ಹೊಲಸು ಮಾಡಿದರೆ ಗದರಬೇಡಿರಿ, ಬೆಂಕಿಯ ಬಳಿ ಮಾತ್ರ ನೀವೇ ನಿಲ್ಲಿರಿ. ಗಂಡುಮಕ್ಕಳನ್ನೂ ಒಲೆಯ ಮುಂದೆ ಕರೆಯಿರಿ. ಸಮನಾಗಿ ಕೊಯ್ಯಲು ಕಲಿತ ಕೈ ನಾಳೆ ಹೊಲ, ನೀರು, ಕೂಲಿಗಳ ಲೆಕ್ಕದಲ್ಲಿಯೂ ಅನ್ಯಾಯಕ್ಕೆ ಅಂಜೀತು ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.